ಶಾರ್ಲಟ್‌ಗೆ ತಗುಲಿದ ಸೋಂಕು

ಶ್ರೇಷ್ಠ ಕೃತಿಯೊಳಗೆ ದೆವ್ವ, ಪಿಶಾಚಿ, ಸತ್ತರೂ ಎದ್ದು ಓಡಾಡುವ ಜೋಂಬಿಗಳನ್ನು ತಂದು ಬಿಟ್ಟರೆ ಸಾಹಿತ್ಯಕ್ಕೆ ಅಪಚಾರವಾಯಿತೆಂದು ಸಿಟ್ಟಾಗುವವರಿದ್ದಾರೆ. ಆ ಸಿಟ್ಟನ್ನು ನಾನು ಒಪ್ಪುವುದಿಲ್ಲ. ಹೊಸದಾಗಿ ಬಂದ ಭಯಕ್ಕೆ ಮೂಲದಲ್ಲಿ ಬೇರು ಇದೆಯೇ ಎಂಬುದಷ್ಟೇ ನನಗೆ ಮುಖ್ಯ.

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಕಾದಂಬರಿಗೆ 2009ರಲ್ಲಿ ಸೇಥ್ ಗ್ರಹಾಂ-ಸ್ಮಿತ್ ಜೋಂಬಿಗಳನ್ನು ಸೇರಿಸಿದರು. ಆಸ್ಟಿನ್ ವಾಕ್ಯಗಳು ಬಹುಪಾಲು ಹಾಗೆಯೇ ಉಳಿದಿವೆ. ಬೆನೆಟ್ ಮನೆಯ ಐವರು ಹೆಣ್ಣುಮಕ್ಕಳು ಮಾತ್ರ ಕತ್ತಿ ಹಿಡಿದ ಯೋಧರಾಗಿದ್ದಾರೆ. ಕಾದಾಟದ ಪುಟಗಳು ನನಗೆ ಬೇಗ ಬೇಸರ ತಂದವು. ಎಷ್ಟು ತಲೆ ಉರುಳಿದರೂ ಕಥೆ ಇದ್ದಲ್ಲೇ ಇರುತ್ತದೆ.

ಆದರೆ ಶಾರ್ಲಟ್ ಲೂಕಸ್! ಮೂಲದಲ್ಲಿ ಆಕೆಗೆ 27 ವರ್ಷ, ರೂಪವಿಲ್ಲ, ಆಸ್ತಿಯಿಲ್ಲ. ಮಾತಿನ ಮಲ್ಲ ಪಾದ್ರಿ ಕಾಲಿನ್ಸ್‌ನನ್ನು ಆಕೆ ಮದುವೆಯಾಗುವುದು ಒಂದು ಸೂರಿಗಾಗಿ. ನಿಶ್ಚಯವಾದಾಗ, ಅಕ್ಕ ಮದುವೆಯಿಲ್ಲದೆಯೇ ಸಾಯುತ್ತಾಳೆಂಬ ಆತಂಕ ತಪ್ಪಿತೆಂದು ತಮ್ಮಂದಿರಿಗೆ ನಿರಾಳವಾಯಿತು ಎಂದು ಆಸ್ಟಿನ್ ತಣ್ಣಗೆ ಬರೆಯುತ್ತಾರೆ. ಹೊಸ ಪುಸ್ತಕದಲ್ಲಿ ಅವಳಿಗೆ ನಿಧಾನವಾಗಿ ಜೋಂಬಿಯಾಗಿಸುವ ಸೋಂಕು ತಗುಲಿದೆ. ಉಳಿದ ಅಲ್ಪಕಾಲಕ್ಕೆ ಮನೆ, ಗಂಡ ಎಂದು ಇರಲಿ ಎಂದೇ ಅವಳು ಒಪ್ಪುತ್ತಾಳೆ. ಮದುವೆಯ ಮೇಲೆ ಮಾತು ತೊದಲುತ್ತದೆ, ದೇಹ ಕೆಡುತ್ತಾ ಹೋಗುತ್ತದೆ. ಗೆಳತಿ ಎಲಿಜಬೆತ್‌ಗೆ ಕಾಣುವುದು ಜೊತೆಯಲ್ಲೇ ಬಾಳುವ ಗಂಡನಿಗೆ ಬಹಳ ಕಾಲ ಕಾಣುವುದೇ ಇಲ್ಲ.

ಈ ಭಾಗ ಓದುವಾಗ ನನ್ನ ಮೈ ನಡುಗಿತು. ಹೆಂಡತಿ ಕಣ್ಣೆದುರೇ ಕೊಳೆಯುತ್ತಿದ್ದರೂ ಮನೆ ನಡೆದರೆ ಸಾಕೆನ್ನುವ ಗಂಡಂದಿರನ್ನು ಕಾಣಲು ಜೋಂಬಿ ಕಥೆಯೇ ಬೇಕಿಲ್ಲ. ಆಸ್ಟಿನ್ ಎರಡು ಮಾತಿನಲ್ಲಿ ಸೂಚಿಸಿದ್ದಕ್ಕೆ ಇಲ್ಲಿ ಮಾಂಸ, ವಾಸನೆ ಬಂದಿವೆ. ಅದೇ ವರ್ಷ ಅದೇ ಪ್ರಕಾಶಕರು ಆಸ್ಟಿನ್ ಅವರದೇ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಕಾದಂಬರಿಗೆ ಕಡಲರಾಕ್ಷಸರನ್ನು ಸೇರಿಸಿ ಹೊರತಂದರು. ಅದರಲ್ಲಿ ನನಗೆ ಸಿಕ್ಕಿದ್ದು ಬರೀ ಗದ್ದಲ.

ಕನ್ನಡದವರಿಗೆ ಇದು ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ರನ್ನ ಮಹಾಭಾರತದ ಕೊನೆಯ ಯುದ್ಧವನ್ನು ಹೇಳಲು ಹೊರಟಾಗ, ಹೆಣಗಳ ನಡುವೆ ಸಂಜಯನೊಂದಿಗೆ ನಡೆಯುವ ದುರ್ಯೋಧನನ ಎದುರಿಗೆ ಮರುಳುಗಳನ್ನು ತಂದು ನಿಲ್ಲಿಸಿದ. ರಕ್ತ ಮಾಂಸ ಉಣ್ಣುವ ಆ ಪಿಶಾಚಿಗಳು ಕುರುಕುಲದ ಅರಸನನ್ನು ಅಣಕಿಸುತ್ತವೆ. ವಿದುರ, ಭೀಷ್ಮರ ಮಾತಿಗೂ ಕಿವಿಗೊಡದವನು ಈಗ ಅವುಗಳ ಮಾತು ಕೇಳಿಸಿಕೊಳ್ಳಬೇಕಾಗಿದೆ. ರನ್ನನ ‘ಗದಾಯುದ್ಧ’ ಕಾವ್ಯದಿಂದ ಆ ಮರುಳುಗಳನ್ನು ತೆಗೆದುಹಾಕಲು ನಾನಂತೂ ಒಪ್ಪಲಾರೆ.