‘ಒಂದು ವಾಕ್ಯ ಬರೆದರೆ ಪದ ಬಂದಂತೆ’ ಎಂಬುದು ಸರಿಯಲ್ಲ

ಹೊಸ ಪದವನ್ನು ಮಗು ಒಂದು ಸ್ವಂತ ವಾಕ್ಯದಲ್ಲಿ ಬರೆದುಬಿಟ್ಟರೆ ಅದು ಕಲಿತಾಯಿತು ಎಂಬ ಮಾತು ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಅರ್ಧ ಸತ್ಯ.

‘ರಾಜು ಜಿಪುಣ’ ಎಂದು ಬರೆದ ಮಗುವಿಗೆ ಅರ್ಥ ಗೊತ್ತಿರಲೇಬೇಕೆಂದಿಲ್ಲ. ಅದೇ ಜಾಗದಲ್ಲಿ ಜಾಣ, ರೈತ, ಕುಳ್ಳ ಯಾವುದನ್ನಿಟ್ಟರೂ ವಾಕ್ಯ ನಿಲ್ಲುತ್ತದೆ. ವ್ಯಾಕರಣ ಸರಿಯಿರುವುದರಿಂದ ಟಿಕ್ ಮಾರ್ಕೂ ಬೀಳುತ್ತದೆ, ತೊಂದರೆ ಇರುವುದು ಅಲ್ಲೇ.

ಮೊದಲು ದೊಡ್ಡವರೇ ಅರ್ಥದ ಸುಳಿವು ಕೊಡುವ ವಾಕ್ಯ ಹೇಳಬೇಕು: ‘ಪೆಟ್ಟಿಗೆ ತುಂಬ ದುಡ್ಡಿದ್ದರೂ ಆ ಜಿಪುಣ ಹರಿದ ಚಪ್ಪಲಿ ಬದಲಿಸಲಿಲ್ಲ.’ ಇದರಲ್ಲಿ ಹೊಸ ಪದ ಒಂದೇ ಇರಲಿ. ಇಷ್ಟಕ್ಕೇ ನಿಲ್ಲಿಸಿದರೆ ಕೆಲವು ಮಕ್ಕಳು ಜಿಪುಣ ಎಂದರೆ ಬಡವ ಎಂದುಕೊಳ್ಳುತ್ತಾರೆ, ಹರಿದ ಚಪ್ಪಲಿಯೇ ಕಣ್ಣಿಗೆ ಕಟ್ಟಿರುತ್ತದೆ. ಹಾಗಾಗಿ ಸಂದರ್ಭ ಬದಲಿಸಿ: ‘ಹತ್ತು ಪೆನ್ಸಿಲ್ ಇದ್ದರೂ ಒಂದನ್ನೂ ಕೊಡದ ಜಿಪುಣಿ.’ ಆಮೇಲೆ ಕೇಳಿ: ‘ಕೈಯಲ್ಲಿ ದುಡ್ಡೇ ಇಲ್ಲದೆ ಚಪ್ಪಲಿ ಕೊಳ್ಳದವನು ಜಿಪುಣನೇ? ಯಾಕೆ?’ ಉತ್ತರಕ್ಕಿಂತ ಆ ‘ಯಾಕೆ’ ಮುಖ್ಯ.

ಮಗುವಿನ ಸ್ವಂತ ವಾಕ್ಯ ಇದೆಲ್ಲ ಆದ ಮೇಲೆ, ಅದೂ ‘ಆದರೂ’ ಅಥವಾ ‘ಯಾಕೆಂದರೆ’ ಸೇರಿಸಿ. ಮರುದಿನ ಒಮ್ಮೆ, ವಾರ ಬಿಟ್ಟು ಇನ್ನೊಮ್ಮೆ ಮಾತಿನ ನಡುವೆ ಆ ಪದ ತನ್ನಿ. ಹತ್ತು ಸಲ ನಕಲು ಬರೆಸುವುದರಿಂದ ಕಾಗುಣಿತ ಸುಧಾರಿಸಬಹುದು, ಅರ್ಥ ಬರುವುದಿಲ್ಲ.