ಮನೆ ಹುಡುಕಲು ಸರಿಯಾದ ಹೊತ್ತು ಯಾವುದು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವರ್ಗವಾದವರು ಎರಡು ತಿಂಗಳು ಮೊದಲೇ ಬಾಡಿಗೆ ಮನೆ ಹುಡುಕಲು ಹೊರಟರೆ, ಈಗಿರುವ ಬಾಡಿಗೆದಾರರು ಖಾಲಿ ಮಾಡುವ ವಿಷಯವನ್ನೇ ಇನ್ನೂ ತಿಳಿಸಿರುವುದಿಲ್ಲವಾದ್ದರಿಂದ, ತೋರಿಸಲು ಮನೆಗಳೇ ಇರುವುದಿಲ್ಲ. ಖಾಲಿ ಮನೆಯ ಮಾಲೀಕರಾದರೋ ಬರುವ ಒಂದನೇ ತಾರೀಖಿನಿಂದಲೇ ಬಾಡಿಗೆ ಕಟ್ಟುವವರನ್ನಷ್ಟೇ ಮಾತನಾಡಿಸುತ್ತಾರೆ. ತಡಮಾಡಿದರೆ ಶಾಲೆಗಳು ಆರಂಭವಾಗಿಬಿಡುತ್ತವೆ, ಆಮೇಲೆ ಆಷಾಢದಲ್ಲಿ ಹಾಲುಕ್ಕಿಸಬಾರದೆಂದು ಹಿರಿಯರು ತಡೆಯುತ್ತಾರೆ. ಇವೆಲ್ಲಕ್ಕಿಂತ ನನ್ನನ್ನು ನೋಯಿಸುವುದು ಮುಂಗಡದ ಹಣ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮಿತಿಯಾಗಿ ಸೂಚಿಸಿದ್ದರೂ, ಇಲ್ಲಿ ಐದಾರು ತಿಂಗಳದ್ದನ್ನು, ಕೆಲವೆಡೆ ಹತ್ತು ತಿಂಗಳದ್ದನ್ನೂ ಕೇಳುತ್ತಾರೆ. ಹಳೆಯ ಮನೆಯ ಮುಂಗಡವು ಖಾಲಿ ಮಾಡಿದ ಮೇಲೆಯೇ, ಅದೂ ಬಣ್ಣದ ಖರ್ಚು ಕಳೆದು, ಕೈಸೇರುವಾಗ ಹೊಸ ಮನೆಗೆ ಅಷ್ಟು ದೊಡ್ಡ ಮೊತ್ತವನ್ನು ಮೊದಲೇ ಎಲ್ಲಿಂದ ಹೊಂದಿಸಬೇಕು?