ಕೆರೆ ಕೇಳಿದರೆ ಹೋಟೆಲ್ ತೋರಿಸಿದರು

ಹೋದ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ಮೈಸೂರಿನಿಂದ ತೊಣ್ಣೂರು ಕೆರೆಗೆ ಹೆಚ್ಚೆಂದರೆ ಒಂದು ಗಂಟೆ ದಾರಿ ಅಲ್ವಾ? ನಮಗೆ ಎರಡೂವರೆ ಗಂಟೆ ಹಿಡಿಯಿತು. ಟ್ರಾಫಿಕ್ ಇರಲಿಲ್ಲ, ಪಂಕ್ಚರ್ ಆಗಲಿಲ್ಲ. ಕಾರಿನಲ್ಲಿ ಭಾವ ಇದ್ದರು, ಅಷ್ಟೇ.

ರಿಟೈರ್ ಆದಮೇಲೆ ಭಾವನಿಗೆ ಹಳೇ ಗೆಜೆಟಿಯರ್ ಓದುವ ಚಟ ಹತ್ತಿದೆ. ದಾಖಲೆಯಲ್ಲಿರುವ ಹೆಸರೇ ಹೆಸರು, ಜನ ಕರೆಯುವುದೆಲ್ಲ ಸುಮ್ನೆ ಬಾಯಿಮಾತು. "ಪಾಂಡವಪುರ ಬಂತು ಭಾವ" ಅಂದೆ. "ಫ್ರೆಂಚ್ ರಾಕ್ಸ್ ಅನ್ನು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳು ಇಲ್ಲೇ ಬೀಡುಬಿಟ್ಟಿದ್ದು. ಅದಕ್ಕೂ ಮುಂಚೆ ಹಿರೋಡೆ" ಅಂದರು. ಅಕ್ಕನ ಗಂಡ, ಎದುರು ಮಾತಾಡೋ ಹಾಗಿಲ್ಲ. ಹೂಂ ಅಂದೆ.

ಮ್ಯಾಪ್‌ನಲ್ಲಿ ಹೆಸರು ಹೊಡೆಯುವ ಕೆಲಸವನ್ನೂ ಅವರೇ ವಹಿಸಿಕೊಂಡರು. 'ತಿರುಮಲಸಾಗರ' ಅಂತ ಹೊಡೆದರು. ಅದು ನಮ್ಮನ್ನು ತಿರುಪತಿಗೆ ಕಳಿಸಲು ತಯಾರಾಯಿತು. ನಾನು ತೊಣ್ಣೂರು ಕೆರೆಗೆ ಕೊನೇ ಸಲ ಹೋಗಿದ್ದು ಸ್ಕೂಲಿನಲ್ಲಿದ್ದಾಗ, ಬಸ್ಸಲ್ಲಿ, ತಾತನ ತೊಡೆ ಮೇಲೆ ನಿದ್ದೆ ಮಾಡಿಕೊಂಡು. ದಾರಿ ಎಲ್ಲಿ ನೆನಪಿರುತ್ತೆ?

ಸರಿ, ಎಳನೀರು ಮಾರುವವನ ಹತ್ತಿರ ಕಾರು ನಿಲ್ಲಿಸಿದೆ. ನಾನು ಬಾಯಿ ತೆರೆಯುವ ಮೊದಲೇ ಭಾವ ಕಿಟಕಿ ಇಳಿಸಿದರು.

"ಮೋತಿ ತಲಾಬ್‌ಗೆ ಹೇಗೆ ಹೋಗೋದಪ್ಪಾ?"

ಆತ ಮಚ್ಚು ಕೈಯಲ್ಲಿ ಹಿಡಿದುಕೊಂಡೇ ಯೋಚನೆ ಮಾಡಿದ. "ಬಿರಿಯಾನಿ ಹೋಟ್ಲಾ ಸಾ? ಅದು ಹಿಂದ್ಗಡೆ ಆಯ್ತಲ್ಲ."

"ಅಲ್ಲಪ್ಪಾ, ತಿರುಮಲಸಾಗರ."

"ಓ, ವೆಜ್ ಬೇಕಾ? ಅದು ಬಸ್ ಸ್ಟ್ಯಾಂಡ್ ತಾವ ಸಾ."

ಇಲ್ಲಿಗೆ ಬಿಡಬೇಕಿತ್ತು. ಭಾವ ಬಿಡಲಿಲ್ಲ, ಕಾರಿಂದ ಇಳಿದರು. ರಾಮಾನುಜಾಚಾರ್ಯರು ತಿರುಮಲಸಾಗರ ಅಂತ ಹೆಸರಿಟ್ಟಿದ್ದು, ಆಮೇಲೆ 1746ರಲ್ಲಿ ಹೈದರಾಬಾದ್ ನಿಜಾಮನ ಮಗ ನಾಸಿರ್ ಜಂಗ್ ಬಂದು ತಿಳಿನೀರು ನೋಡಿ ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ ಅಂದಿದ್ದು, ಎಲ್ಲ ಹೇಳಿದರು. ಆತ ಪಾಪ, ಎರಡು ಎಳನೀರು ಕೆತ್ತಿ ಮುಗಿಸುವವರೆಗೂ ಕೇಳಿದ. ನಾನು ಹಿಂದೆ ತಿರುಗಿ ನೋಡಿದೆ. ಅಕ್ಕ ಟಿಫನ್ ಕ್ಯಾರಿಯರ್‌ನ ಮೊಸರನ್ನದ ಡಬ್ಬಿ ತೆಗೆದು ಮೂಸಿ ನೋಡಿ ಮತ್ತೆ ಮುಚ್ಚಿದಳು. ಆ ಮುಚ್ಚಳದ ಸದ್ದಲ್ಲೇ ಎಲ್ಲ ಇತ್ತು.

"ತೊಣ್ಣೂರು ಕೆರೆ ಕಣಣ್ಣಾ!" ಅಂತ ನಾನು ಒಳಗಿಂದ ಕೂಗಿದೆ.

"ಅಯ್ಯೋ, ಕೆರೆಗಾ? ಅಂಗನ್ನಬಾರ್ದಾ ಸಾ" ಅಂದು ಮಚ್ಚಲ್ಲೇ ದಾರಿ ತೋರಿಸಿದ. ಎರಡು ಎಳನೀರಿಗೆ ದುಡ್ಡು ಕೊಟ್ಟವನು ನಾನು.

ಅವನು ಹೇಳಿದ್ದೇ ಸರಿ. ಆ ಊರೇ ಕೆರೆತೊಣ್ಣೂರು, ಕೆರೆಯನ್ನು ಹೆಸರಿನ ಮುಂದೆ ಹೊತ್ತುಕೊಂಡಿರುವ ಊರು. ಅಲ್ಲಿಯವರಿಗೆ ಬರೀ 'ಕೆರೆ' ಅಂದರೆ ಸಾಕು, ಇನ್ಯಾವ ಕೆರೆ?

ನಮ್ಮಜ್ಜಿಯೂ ಹೀಗೇ. ಕೆಆರ್‌ಎಸ್ ಅನ್ನುವ ಮಾತು ಅವಳ ಬಾಯಲ್ಲಿ ಯಾವತ್ತೂ ಬಂದಿದ್ದಿಲ್ಲ. ಮಳೆಗಾಲದಲ್ಲಿ ನಾನು ಪೇಪರ್ ಹಿಡಿದು, "ಅಜ್ಜಿ, ಕೃಷ್ಣರಾಜಸಾಗರ 124.80 ಅಡಿ ಆಯ್ತಂತೆ" ಅಂತ ಓದಿ ಹೇಳಿದರೆ, "ಅದಿರ್ಲಿ, ಕನ್ನಂಬಾಡಿ ಕಟ್ಟೆ ತುಂಬ್ತಾ?" ಅನ್ನೋಳು. ಹಳೇ ಕನ್ನಂಬಾಡಿ ನೀರೊಳಗೆ ಹೋಗಿ ಎಷ್ಟು ಕಾಲವಾಯಿತು. ಅಜ್ಜಿಯೂ ಇಲ್ಲ. ಈಗ ಮನೆಯಲ್ಲಿ ನಾವೂ ಕೆಆರ್‌ಎಸ್ ಅಂತಲೇ ಅನ್ನುತ್ತೇವೆ.

ಕೊನೆಗೂ ಏರಿ ಹತ್ತಿದೆವು. ನೀರು ನಿಜವಾಗಿಯೂ ತಿಳಿಯಾಗಿತ್ತು. ಅಂಚಿನಲ್ಲಿ ತಳದ ಕಲ್ಲು ಕಾಣುತ್ತಿತ್ತು. ನಾಸಿರ್ ಜಂಗ್ ಮೇಲೆ ನನಗೇನೂ ಸಿಟ್ಟಿಲ್ಲ. ಮೊಸರನ್ನ ಹುಳಿ ಬಂದಿತ್ತು, ಪುಳಿಯೋಗರೆ ಬಚಾವಾಗಿತ್ತು. ಭಾವ ಕೈ ತೊಳೆದು ಒಂದು ಸೆಲ್ಫಿ ತೆಗೆದು ಫ್ಯಾಮಿಲಿ ಗ್ರೂಪ್‌ಗೆ ಹಾಕಿದರು: 'ಮೋತಿ ತಲಾಬ್‌ನಲ್ಲಿ ಊಟ ಆಯ್ತು.'

ಎರಡೇ ನಿಮಿಷಕ್ಕೆ ಅಮ್ಮನ ವಾಯ್ಸ್ ಮೆಸೇಜ್ ಬಂತು. "ಅಷ್ಟು ಬೆಳಿಗ್ಗೆ ಎದ್ದು ಪುಳಿಯೋಗರೆ ಕಲಸಿ ಕೊಟ್ಟಿದ್ನಲ್ಲ, ಹೋಟೆಲ್‌ಗೆ ಯಾಕೆ ಹೋದ್ರಿ?"